ಮಕ್ಕಳು ಸಾಕು ಎಂದಾಗ: ಹೆಂಗಸರ ಆಪರೇಷನ್ ಎಷ್ಟು ಸುರಕ್ಷಿತ?

ಎರಡನೆಯ ಹೆರಿಗೆ ಸುಸೂತ್ರವಾಗಿ ಆಯಿತೆಂದರೆ ನಮ್ಮ ಮನೆಗಳಲ್ಲಿ ಮುಂದಿನ ಮಾತು ಒಂದೇ: 'ಇನ್ನು ಆಪರೇಷನ್ ಮಾಡಿಸಿಬಿಡಿ.' ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಇವು ಪಾಂಡವಪುರ ಉಪವಿಭಾಗದ ನಾಲ್ಕು ತಾಲ್ಲೂಕುಗಳು. ಇಲ್ಲಿನ ಯಾವ ಹಳ್ಳಿಯಲ್ಲೇ ಆಗಲಿ, ಬಾಣಂತಿಗೆ 'ಆಪರೇಷನ್' ಎಂದರೆ ಯಾವ ಆಪರೇಷನ್ ಎಂದು ಯಾರೂ ಕೇಳುವುದಿಲ್ಲ. ಅಷ್ಟರಮಟ್ಟಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ನಮ್ಮ ಸಂಸಾರಗಳಲ್ಲಿ ಬೆರೆತುಹೋಗಿದೆ. 2019ರಲ್ಲಿ ನಮ್ಮ ರಾಜ್ಯದಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದ 15ರಿಂದ 49 ವರ್ಷದೊಳಗಿನ ವಿವಾಹಿತೆಯರಲ್ಲಿ ಶೇಕಡಾ 57ರಷ್ಟು ಮಂದಿ ಈ ವಿಧಾನವನ್ನೇ ನೆಚ್ಚಿಕೊಂಡಿದ್ದಾರೆ.

ಇಷ್ಟೊಂದು ಜನ ಮಾಡಿಸಿಕೊಳ್ಳುವ ಶಸ್ತ್ರಚಿಕಿತ್ಸೆಯ ಬಗ್ಗೆ ತಿಳಿವಳಿಕೆ ಮಾತ್ರ ಬಹಳ ಕಡಿಮೆ. 'ಗರ್ಭಕೋಶ ತೆಗೆದುಬಿಡುತ್ತಾರಾ?', 'ಆಮೇಲೆ ಗದ್ದೆ ಕೆಲಸ ಮಾಡಬಹುದೇ?', 'ಕೊಯ್ಯದೆ ಏನಾದರೂ ಒಳಗಿಟ್ಟು ಮಾಡುವ ವಿಧಾನ ಇದೆಯಂತಲ್ಲ?', 'ಆಪರೇಷನ್ ಆದ ಮೇಲೂ ಬಸಿರಾಗುವುದುಂಟೇ?' ಇಂಥ ಪ್ರಶ್ನೆಗಳನ್ನು ಹೆಂಗಸರು ತಮ್ಮೊಳಗೆ ಕೇಳಿಕೊಳ್ಳುತ್ತಾರೆಯೇ ಹೊರತು ವೈದ್ಯರ ಮುಂದೆ ಬಾಯಿ ಬಿಡುವುದು ಅಪರೂಪ. ಈ ವಾರ ಅವುಗಳನ್ನೇ ಒಂದೊಂದಾಗಿ ನೋಡೋಣ.

ಒಳಗೆ ನಡೆಯುವುದೇನು?

ಗರ್ಭಕೋಶದ ಎರಡು ಪಕ್ಕಗಳಿಂದ ಎರಡು ತೆಳುವಾದ ನಾಳಗಳು ಹೊರಟು ಅಂಡಾಶಯಗಳ ಬಳಿ ಮುಗಿಯುತ್ತವೆ. ಇವೇ ಗರ್ಭನಾಳಗಳು. ಒಂದೊಂದರ ಉದ್ದ ಸುಮಾರು 10 ಸೆಂಟಿಮೀಟರ್. ತಿಂಗಳಿಗೊಮ್ಮೆ ಅಂಡಾಶಯದಿಂದ ಬಿಡುಗಡೆಯಾಗುವ ಅಂಡ ಈ ನಾಳದೊಳಗೆ ಬರುತ್ತದೆ. ಗಂಡಿನ ವೀರ್ಯಾಣು ಅದನ್ನು ಕೂಡುವುದೂ ಇಲ್ಲಿಯೇ. ಈ ದಾರಿಯನ್ನು ಮುಚ್ಚಿದರೆ ಇಬ್ಬರ ಭೇಟಿ ಆಗುವುದಿಲ್ಲ, ಗರ್ಭ ನಿಲ್ಲುವುದಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಮಾಡುವುದು ಇಷ್ಟೇ.

ನಮ್ಮಲ್ಲಿ ಮುಖ್ಯವಾಗಿ ಎರಡು ಬಗೆ ರೂಢಿಯಲ್ಲಿವೆ. ಮೊದಲನೆಯದು ಟ್ಯುಬೆಕ್ಟಮಿ. ಹೊಟ್ಟೆಯ ಮೇಲೆ ಸಣ್ಣದಾಗಿ ಕೊಯ್ದು, ನಾಳವನ್ನು ಹೊರಗೆಳೆದು, ಗಂಟು ಹಾಕಿ ನಡುವಿನ ಚೂರನ್ನು ಕತ್ತರಿಸುತ್ತಾರೆ. ಹೆರಿಗೆಯಾದ 7 ದಿನಗಳೊಳಗೆ ಅಥವಾ ಸಿಸೇರಿಯನ್ ಜೊತೆಯಲ್ಲಿ ಮಾಡುವುದು ಇದನ್ನೇ. ಎರಡನೆಯದು ಲ್ಯಾಪ್ರೋಸ್ಕೋಪಿ. ಹೊಕ್ಕುಳಿನ ಬಳಿ ಸಣ್ಣ ರಂಧ್ರ ಮಾಡಿ, ದುರ್ಬೀನಿನಂಥ ಕೊಳವೆಯನ್ನು ಒಳಗೆ ತೂರಿಸಿ, ನಾಳಕ್ಕೆ ಸಿಲಿಕೋನ್ ಉಂಗುರ ತೊಡಿಸುತ್ತಾರೆ. ಬಾಣಂತಿಯರಿಗೆ ಇದು ಹೊಂದುವುದಿಲ್ಲ. ಹೆರಿಗೆಯಾಗಿ ಕನಿಷ್ಠ 6 ವಾರ ಕಳೆದಿರಬೇಕು. ಬೇರೆ ಸಮಯದಲ್ಲಿ ಮಾಡಿಸುವವರು ಮುಟ್ಟು ಶುರುವಾದ 7 ದಿನಗಳೊಳಗೆ ಹೋಗುವುದು ಒಳ್ಳೆಯದು. ಆಗ ಬಸಿರಿಲ್ಲವೆಂಬುದು ಖಚಿತವಾಗಿರುತ್ತದೆ.

ಎರಡರಲ್ಲಿಯೂ ಗರ್ಭಕೋಶಕ್ಕಾಗಲಿ ಅಂಡಾಶಯಕ್ಕಾಗಲಿ ಕೈ ಹಚ್ಚುವುದಿಲ್ಲ. ಆದ್ದರಿಂದ ಮುಟ್ಟು ಹಿಂದಿನಂತೆಯೇ ಬರುತ್ತದೆ, ದಾಂಪತ್ಯ ಸುಖಕ್ಕೂ ಕುಂದಿಲ್ಲ. ಬಿಡುಗಡೆಯಾದ ಅಂಡ ದೇಹದೊಳಗೇ ಕರಗಿಹೋಗುತ್ತದೆ. 'ಆಪರೇಷನ್ ಆದಂದಿನಿಂದ ಸೊಂಟ ನೋವು, ಮೈ ಬಂತು, ಬಿಳುಪು ಹೋಗುತ್ತದೆ' ಎಂದು ಹೇಳುವವರು ಅನೇಕರು. ಇವುಗಳಿಗೆ ರಕ್ತಹೀನತೆ, ಸೋಂಕು, ಬಾಣಂತನದ ನಂತರದ ಪೋಷಣೆಯ ಕೊರತೆ ಮೊದಲಾದ ಬೇರೆ ಕಾರಣಗಳಿರುತ್ತವೆ. ಆಪರೇಷನ್ ಮೇಲೆ ಭಾರ ಹಾಕಿ ಸುಮ್ಮನಾದರೆ ನಿಜವಾದ ಕಾಯಿಲೆ ಒಳಗೇ ಬೆಳೆಯುತ್ತದೆ. ಅಂಥ ತೊಂದರೆಯಿದ್ದರೆ ವೈದ್ಯರಿಗೆ ತೋರಿಸಿಕೊಳ್ಳಬೇಕು.

ಕೊಯ್ಯದೆ ಮಾಡುವ ವಿಧಾನದ ಕಥೆ

ಚಾಕು ಮುಟ್ಟಿಸದೆ, ಗರ್ಭಕೋಶದ ಬಾಯಿಂದಲೇ ಏನನ್ನಾದರೂ ಒಳಗಿಟ್ಟು ನಾಳ ಮುಚ್ಚುವಂತಿದ್ದರೆ ಎಷ್ಟು ಚೆನ್ನ ಎಂದು ಯಾರಿಗೆ ಅನ್ನಿಸುವುದಿಲ್ಲ? ಈ ಆಸೆಯಿಂದ ಹುಟ್ಟಿದ ಎರಡು ಪ್ರಯೋಗಗಳ ಗತಿಯನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಒಂದು, ಕ್ವಿನಾಕ್ರಿನ್. ಇದು ಮೂಲತಃ ಮಲೇರಿಯಾ ಔಷಧಿ. ಇದರ ಗುಳಿಗೆಗಳನ್ನು ಗರ್ಭಕೋಶದೊಳಗೆ ಇಟ್ಟರೆ ನಾಳದ ಬಾಯಿ ಸುಟ್ಟಂತಾಗಿ, ಗಾಯ ಮಾಯುವಾಗ ಮುಚ್ಚಿಕೊಳ್ಳುತ್ತದೆ. ವಿಯೆಟ್ನಾಂನಲ್ಲಿ 30 ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ಇದನ್ನು ಬಳಸಿದ ವರದಿ 1993ರಲ್ಲಿ ಹೊರಬಂತು. ದೇಹದ ಮೇಲೆ ಇದರ ದೀರ್ಘಕಾಲದ ಪರಿಣಾಮಗಳ ಪರೀಕ್ಷೆ ಆಗ ಪೂರ್ಣಗೊಂಡಿರಲಿಲ್ಲ. ಹೀಗಿದ್ದೂ ನಮ್ಮ ದೇಶದಲ್ಲಿ ಕೆಲವು ಖಾಸಗಿ ವೈದ್ಯರು ಬಡ ಹೆಂಗಸರಿಗೆ ಇದನ್ನು ಇಟ್ಟರು. ಮಹಿಳಾ ಸಂಘಟನೆಗಳು ದನಿಯೆತ್ತಿ, ವಿಷಯ ಸುಪ್ರೀಂ ಕೋರ್ಟ್ ಮುಟ್ಟಿ, 1998ರಲ್ಲಿ ಕೇಂದ್ರ ಸರ್ಕಾರ ಸಂತಾನಹರಣಕ್ಕಾಗಿ ಇದರ ಬಳಕೆಯನ್ನು ನಿಷೇಧಿಸಿತು.

ಇನ್ನೊಂದು, ಅಮೆರಿಕದ 'ಎಶೂರ್'. ಇದು ನಿಕ್ಕಲ್ ಮತ್ತು ಟೈಟಾನಿಯಂ ಬೆರೆತ ಲೋಹದ ಸಣ್ಣ ಸುರುಳಿ. ಎರಡೂ ಗರ್ಭನಾಳಗಳಲ್ಲಿ ಒಂದೊಂದನ್ನು ಇಟ್ಟರೆ, ಅದರೊಳಗಿನ ನಾರಿನ ಎಳೆಗಳ ಸುತ್ತ ಗಾಯದ ಕಲೆ ಬೆಳೆದು ನಾಳ ಮುಚ್ಚುತ್ತದೆ ಎಂಬುದು ಲೆಕ್ಕಾಚಾರ. ಅರಿವಳಿಕೆ ಬೇಕಿಲ್ಲ, ಹೊಲಿಗೆಯಿಲ್ಲ, ಅದೇ ದಿನ ಮನೆಗೆ ಹೋಗಬಹುದು. 2002ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಇದಕ್ಕೆ ಒಪ್ಪಿಗೆ ನೀಡಿತು. ಆದರೆ ನಾಳ ಮುಚ್ಚಲು 3 ತಿಂಗಳು ಬೇಕು. ಅಲ್ಲಿಯವರೆಗೆ ಬೇರೆ ವಿಧಾನ ಬಳಸಬೇಕು. ಆಮೇಲೆ ಬಣ್ಣದ ದ್ರವ ಹಾಯಿಸಿ ಎಕ್ಸ್-ರೇ ತೆಗೆದು ನೋಡಬೇಕು. ಎಷ್ಟೋ ಮಂದಿ ಪರೀಕ್ಷೆಗೆ ಮರಳಿ ಹೋಗಲೇ ಇಲ್ಲ, ಕೆಲವರು ಬಸಿರಾದರು. ಇನ್ನು ಕೆಲವರಲ್ಲಿ ಸುರುಳಿ ಜಾಗ ಬಿಟ್ಟು ಸರಿಯಿತು, ಗರ್ಭಕೋಶವನ್ನೋ ನಾಳವನ್ನೋ ಚುಚ್ಚಿತು. ನಿಲ್ಲದ ಕಿಬ್ಬೊಟ್ಟೆ ನೋವು, ಅತಿಸ್ರಾವ, ನಿಕ್ಕಲ್ ಒಗ್ಗದೆ ಮೈ ಕಡಿತ ಎಂದು ಸಾವಿರಾರು ದೂರುಗಳು ಬಂದವು. ತೆಗೆಯಬೇಕಾದರೆ ಮತ್ತೆ ಶಸ್ತ್ರಚಿಕಿತ್ಸೆ. ಕೆಲವರಿಗೆ ಗರ್ಭಕೋಶವನ್ನೇ ತೆಗೆಯಬೇಕಾಯಿತು.

2016ರಲ್ಲಿ ಅಮೆರಿಕ ಸರ್ಕಾರ ಪೊಟ್ಟಣದ ಮೇಲೆ ಕಟ್ಟುನಿಟ್ಟಾದ ಎಚ್ಚರಿಕೆ ಹಾಕಿಸಿತು. ತಯಾರಕ ಬೇಯರ್ ಕಂಪನಿ 2017ರಲ್ಲಿ ಬೇರೆ ದೇಶಗಳಲ್ಲಿಯೂ 2018ರ ಕೊನೆಗೆ ಅಮೆರಿಕದಲ್ಲಿಯೂ ಮಾರಾಟ ನಿಲ್ಲಿಸಿತು. 2020ರಲ್ಲಿ, ಸುಮಾರು 39 ಸಾವಿರ ಹೆಂಗಸರ ದಾವೆಗಳಲ್ಲಿ ಬಹುಪಾಲನ್ನು ತೀರಿಸಲು ಸುಮಾರು 160 ಕೋಟಿ ಡಾಲರ್ ಕೊಡಲು ಒಪ್ಪಿತು. ತಪ್ಪನ್ನು ಮಾತ್ರ ಒಪ್ಪಿಕೊಳ್ಳಲಿಲ್ಲ. ನಮ್ಮ ಸರ್ಕಾರಿ ಕುಟುಂಬ ಕಲ್ಯಾಣ ಕಾರ್ಯಕ್ರಮದಲ್ಲಿ ಎಶೂರ್ ಎಂದೂ ಸೇರಿರಲಿಲ್ಲ. ಆದರೂ ಈ ಕಥೆಯಲ್ಲಿ ನಮಗೊಂದು ಪಾಠವಿದೆ. ಹೊಸದು, ಸುಲಭ, ನೋವಿಲ್ಲ ಎಂದ ಮಾತ್ರಕ್ಕೆ ಅದು ಸುರಕ್ಷಿತವಲ್ಲ. 'ಇದನ್ನು ಎಷ್ಟು ವರ್ಷದಿಂದ ಬಳಸುತ್ತಿದ್ದಾರೆ? ತೊಂದರೆಯಾದರೆ ತೆಗೆಯುವುದು ಹೇಗೆ?' ಎಂದು ಕೇಳಿಯೇ ಒಪ್ಪಬೇಕು.

ಇಲ್ಲಿ ಒಂದು ಗೊಂದಲ ಬೇಡ. ತೋಳಿನ ಚರ್ಮದ ಕೆಳಗೆ ಇಡುವ ಬೆಂಕಿಕಡ್ಡಿಯಷ್ಟು ಗಾತ್ರದ 'ಇಂಪ್ಲಾಂಟ್' ಬೇರೆ. ಅದು ಶಾಶ್ವತವಲ್ಲ. 3 ವರ್ಷ ಕೆಲಸ ಮಾಡುತ್ತದೆ, ಬೇಡವೆಂದಾಗ ತೆಗೆಸಬಹುದು, ತೆಗೆಸಿದ ಮೇಲೆ ಮಕ್ಕಳಾಗುತ್ತವೆ. ಮುಟ್ಟು ಏರುಪೇರಾಗುವುದು ಅದರ ಮುಖ್ಯ ಅನನುಕೂಲ.

ಎಷ್ಟರಮಟ್ಟಿಗೆ ನಂಬಬಹುದು?

ಹೆಂಗಸರ ಆಪರೇಷನ್ ಬಹಳ ಪರಿಣಾಮಕಾರಿ. ಆದರೆ ನೂರಕ್ಕೆ ನೂರು ಅಲ್ಲ. ಅಮೆರಿಕದಲ್ಲಿ 10,685 ಮಹಿಳೆಯರನ್ನು ವರ್ಷಗಟ್ಟಲೆ ಹಿಂಬಾಲಿಸಿ ನಡೆಸಿದ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ 10 ವರ್ಷಗಳಲ್ಲಿ ಸಾವಿರಕ್ಕೆ ಸುಮಾರು 18 ಮಂದಿ ಮತ್ತೆ ಬಸಿರಾಗಿದ್ದರು. ಹೆರಿಗೆಯ ಬೆನ್ನಲ್ಲೇ ನಾಳ ಕತ್ತರಿಸಿ ಮಾಡಿದವರಲ್ಲಿ ಈ ಸಂಖ್ಯೆ ಸಾವಿರಕ್ಕೆ 7ರಿಂದ 8. ಉಂಗುರ ಹಾಕಿದವರಲ್ಲಿ 17ರಿಂದ 18. ಚಿಕ್ಕ ವಯಸ್ಸಿನಲ್ಲಿ ಮಾಡಿಸಿಕೊಂಡವರಲ್ಲಿ ಸೋಲುವ ಸಂಭವ ಹೆಚ್ಚು. ಕಾರಣ ಸರಳ: ಅವರಿಗೆ ಫಲವತ್ತತೆ ಹೆಚ್ಚು, ಮುಂದಿರುವ ವರ್ಷಗಳೂ ಹೆಚ್ಚು.

ಹೀಗೆ ಸೋಲುವುದಕ್ಕೆ ಯಾವಾಗಲೂ ವೈದ್ಯರ ತಪ್ಪೇ ಕಾರಣವಲ್ಲ. ಕತ್ತರಿಸಿದ ನಾಳದ ತುದಿಗಳು ತಾವೇ ಕೂಡಿಕೊಳ್ಳುವುದುಂಟು. ಹೆಂಗಸಿನ ತಪ್ಪಂತೂ ಖಂಡಿತ ಅಲ್ಲ. ಆಪರೇಷನ್ ಆದ ಮೇಲೆ ಬಸಿರಾದ ಸೊಸೆಯ ನಡತೆಯನ್ನು ಶಂಕಿಸುವುದು ಅಜ್ಞಾನದ ಮಾತು, ಅನ್ಯಾಯದ ಮಾತು.

ಮುಟ್ಟು ನಿಂತರೆ ಕಾಯಬೇಡಿ

ಈ ಲೇಖನದಲ್ಲಿ ನೀವು ಒಂದೇ ಒಂದು ಸಂಗತಿಯನ್ನು ನೆನಪಿಡುವುದಾದರೆ ಅದು ಇದಾಗಲಿ. ಆಪರೇಷನ್ ಆದವರಿಗೆ ಮುಟ್ಟು ನಿಂತರೆ 'ನನಗೆ ಆಪರೇಷನ್ ಆಗಿದೆಯಲ್ಲ, ಬಿಸಿಲಿಗೆ ಹೀಗಾಗಿರಬೇಕು' ಎಂದು ಕೂರಬಾರದು. ಆಪರೇಷನ್ ನಂತರ ನಿಲ್ಲುವ ಗರ್ಭಗಳಲ್ಲಿ ಸುಮಾರು ಮೂರಕ್ಕೆ ಒಂದು ಗರ್ಭಕೋಶದಲ್ಲಿ ಬೆಳೆಯದೆ ನಾಳದಲ್ಲಿಯೇ ಬೆಳೆಯುತ್ತದೆ. ವೀರ್ಯಾಣು ತೂರುವಷ್ಟು ಕಿಂಡಿ ಇದ್ದರೂ, ಫಲಿತ ಅಂಡ ಗರ್ಭಕೋಶದತ್ತ ಸಾಗುವಷ್ಟು ದಾರಿ ಇರುವುದಿಲ್ಲ. ತೆಳ್ಳನೆಯ ನಾಳ ಹಿಗ್ಗಿ ಒಡೆದರೆ ಹೊಟ್ಟೆಯೊಳಗೆ ರಕ್ತ ತುಂಬುತ್ತದೆ. ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಸಂಚಕಾರ.

ಮುಟ್ಟು ನಿಂತ ಅಥವಾ ತಡವಾದ ಮೇಲೆ ಸ್ವಲ್ಪ ಸ್ವಲ್ಪ ರಕ್ತ ಕಾಣುವುದು, ಕಿಬ್ಬೊಟ್ಟೆಯ ಒಂದು ಪಕ್ಕ ಜೋರಾಗಿ ನೋಯುವುದು, ಭುಜದ ತುದಿ ನೋಯುವುದು, ಕಣ್ಣು ಕತ್ತಲೆ ಬಂದು ಬೀಳುವುದು ಇದರ ಲಕ್ಷಣಗಳು. ಮುಟ್ಟು ಒಂದು ವಾರ ತಡವಾದರೂ ಸಾಕು, ಆಶಾ ಕಾರ್ಯಕರ್ತೆಯ ಬಳಿ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೂತ್ರ ಪರೀಕ್ಷೆ ಮಾಡಿಸಿ. ನೋವು, ತಲೆಸುತ್ತು ಇದ್ದರೆ ತಡಮಾಡದೆ 108ಕ್ಕೆ ಫೋನ್ ಮಾಡಿ, ರಕ್ತ ಕೊಡುವ ಮತ್ತು ಶಸ್ತ್ರಚಿಕಿತ್ಸೆ ಮಾಡುವ ಸೌಲಭ್ಯವಿರುವ ದೊಡ್ಡ ಆಸ್ಪತ್ರೆಗೆ ಹೋಗಿ. ಮಂಡ್ಯದ ಮಿಮ್ಸ್, ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಬಳಿಯ ಆದಿಚುಂಚನಗಿರಿ ಆಸ್ಪತ್ರೆ, ಮೈಸೂರಿನ ಚೆಲುವಾಂಬ ಆಸ್ಪತ್ರೆ ಈ ಭಾಗದವರಿಗೆ ಹತ್ತಿರದವು. ಅಲ್ಲಿಗೆ ಹೋದೊಡನೆ 'ನನಗೆ ಆಪರೇಷನ್ ಆಗಿದೆ, ಮುಟ್ಟು ತಡವಾಗಿದೆ' ಎಂಬ ಎರಡು ಮಾತನ್ನು ವೈದ್ಯರಿಗೆ ಮೊದಲೇ ಹೇಳಿ.

ಸುರಕ್ಷತೆ ಎಲ್ಲಿದೆ?

ಸರಿಯಾದ ಕಡೆ, ಸರಿಯಾದ ರೀತಿಯಲ್ಲಿ ಮಾಡಿದರೆ ಇದು ಹೆಚ್ಚು ಅಪಾಯವಿಲ್ಲದ ಶಸ್ತ್ರಚಿಕಿತ್ಸೆ. ಅವಸರದಲ್ಲಿ ಮಾಡಿದರೆ ಏನಾಗುತ್ತದೆಂಬುದನ್ನು ದೇಶ ಕಂಡಿದೆ. 2014ರ ನವೆಂಬರ್‌ನಲ್ಲಿ ಛತ್ತೀಸಗಡದ ಬಿಲಾಸಪುರ ಜಿಲ್ಲೆಯ ಒಂದು ಶಿಬಿರದಲ್ಲಿ ಒಬ್ಬರೇ ವೈದ್ಯರು ಕೆಲವೇ ಗಂಟೆಗಳಲ್ಲಿ 83 ಮಹಿಳೆಯರಿಗೆ ಲ್ಯಾಪ್ರೋಸ್ಕೋಪಿ ಮಾಡಿದರು. ಆ ದಿನಗಳಲ್ಲಿ ಆ ಜಿಲ್ಲೆಯ ಶಿಬಿರಗಳಿಗೆ ಬಂದವರಲ್ಲಿ 13 ಮಂದಿ ಪ್ರಾಣ ಕಳೆದುಕೊಂಡರು. ಒಬ್ಬ ವೈದ್ಯರು ದಿನಕ್ಕೆ 30ಕ್ಕಿಂತ ಹೆಚ್ಚು ಮಾಡಬಾರದೆಂಬ ನಿಯಮ ಮೊದಲೇ ಇತ್ತು. 2016ರ ಸೆಪ್ಟೆಂಬರ್‌ನಲ್ಲಿ ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಂತಾನಹರಣ ಶಿಬಿರಗಳನ್ನು 3 ವರ್ಷಗಳೊಳಗೆ ನಿಲ್ಲಿಸಿ ಆಸ್ಪತ್ರೆಗಳನ್ನೇ ಬಲಪಡಿಸಬೇಕೆಂದು ಹೇಳಿತು.

ಆಪರೇಷನ್‌ಗೆ ಮುಂಚೆ ರಕ್ತದೊತ್ತಡ, ರಕ್ತದಲ್ಲಿ ಹಿಮೋಗ್ಲೋಬಿನ್, ಮೂತ್ರದಲ್ಲಿ ಸಕ್ಕರೆ ನೋಡಲೇಬೇಕು. ಬಸಿರಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಹಿಮೋಗ್ಲೋಬಿನ್ 7ಕ್ಕಿಂತ ಕಡಿಮೆಯಿದ್ದರೆ ಮಾಡಬಾರದು. ಮೊದಲು ಕಬ್ಬಿಣದ ಮಾತ್ರೆ, ಸೊಪ್ಪು, ಕಾಳು, ರಾಗಿಯಿಂದ ಸುಧಾರಿಸಿಕೊಳ್ಳಬೇಕು. ಹೃದಯದ ಕಾಯಿಲೆ, ಉಬ್ಬಸ, ಸಕ್ಕರೆ ಕಾಯಿಲೆ, ಹಿಂದಿನ ಹೊಟ್ಟೆ ಆಪರೇಷನ್, ಯಾವುದಾದರೂ ಔಷಧಿ ಒಗ್ಗದಿರುವುದು ಇವನ್ನು ಮುಚ್ಚಿಡಬೇಡಿ.

ಮನೆಗೆ ಬಂದ ಮೇಲೆ ಎರಡು ದಿನ ಪೂರ್ಣ ವಿಶ್ರಾಂತಿ ಬೇಕು. ಅನಂತರ ಹಗುರ ಕೆಲಸ ಮಾಡಬಹುದು. ನೀರು ಹೊರುವುದು, ನಾಟಿ, ಕಬ್ಬಿನ ಹೊರೆ ಎತ್ತುವುದು ಎರಡು ವಾರ ಬೇಡ. ಒಂದು ವಾರ ಗಂಡಹೆಂಡಿರು ಕೂಡಬಾರದು. ಹೊಲಿಗೆ ನೆನೆಯದಿರಲಿ. ಜ್ವರ, ಹೊಟ್ಟೆ ಉಬ್ಬರ, ಹೆಚ್ಚುವ ನೋವು, ಗಾಯದಲ್ಲಿ ಕೀವು ಅಥವಾ ರಕ್ತ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮಾಟ, ದೃಷ್ಟಿ ಎಂದು ತಡಮಾಡಬಾರದು.

ಒಪ್ಪಿಗೆ ಯಾರದು?

ಸರ್ಕಾರದ ನಿಯಮದಂತೆ ಮಹಿಳೆಗೆ 22ರಿಂದ 49 ವರ್ಷ ವಯಸ್ಸಾಗಿರಬೇಕು, ಒಂದು ವರ್ಷ ದಾಟಿದ ಒಂದು ಮಗುವಾದರೂ ಇರಬೇಕು. ಸಹಿ ಹಾಕಬೇಕಾದವಳು ಅವಳೇ. ಗಂಡನ ಸಹಿ ಕಾನೂನಿನಂತೆ ಬೇಕಿಲ್ಲ. ಅತ್ತೆಯ ಒತ್ತಾಯ, ತವರಿನ ಅವಸರ, 'ಹೇಗೂ ಸಿಸೇರಿಯನ್ ಆಗುತ್ತಿದೆ' ಎಂಬ ಮಾತು ಇವು ಒಪ್ಪಿಗೆ ಆಗುವುದಿಲ್ಲ. ಹೆರಿಗೆ ನೋವಿನಲ್ಲಿ ಒದ್ದಾಡುತ್ತಿರುವಾಗ ಕೇಳಿ ಸಹಿ ಹಾಕಿಸಿಕೊಳ್ಳುವುದು ಸರಿಯಲ್ಲ. ಏಳನೆಯ, ಎಂಟನೆಯ ತಿಂಗಳಲ್ಲಿ ತಪಾಸಣೆಗೆ ಹೋದಾಗಲೇ ವಿಚಾರಮಾಡಿ ತೀರ್ಮಾನಿಸಬೇಕು.

ಕತ್ತರಿಸಿದ ನಾಳವನ್ನು ಮತ್ತೆ ಜೋಡಿಸುವುದು ದೊಡ್ಡ ಆಸ್ಪತ್ರೆಗಳಲ್ಲಿ ಸಾಧ್ಯ. ಆದರೆ ಅದು ಕಷ್ಟದ, ದುಬಾರಿಯ ಕೆಲಸ, ಫಲ ಸಿಗುತ್ತದೆಂಬ ಖಾತರಿಯಿಲ್ಲ. ಮೇಲೆ ಹೇಳಿದ ಅಮೆರಿಕದ ಮಹಿಳೆಯರಲ್ಲಿ, 30 ವರ್ಷ ಅಥವಾ ಅದಕ್ಕೂ ಮೊದಲು ಮಾಡಿಸಿಕೊಂಡವರ ಪೈಕಿ 14 ವರ್ಷಗಳೊಳಗೆ ನೂರಕ್ಕೆ 20 ಮಂದಿ ಪಶ್ಚಾತ್ತಾಪ ಪಟ್ಟಿದ್ದರು. 30 ದಾಟಿದವರಲ್ಲಿ ಹಾಗೆಂದವರು ನೂರಕ್ಕೆ 6 ಮಾತ್ರ. ಮಗುವಿನ ಸಾವು, ಗಂಡನ ಸಾವು, ಮರುಮದುವೆ ಯಾರಿಗೂ ಮುಂಚಿತವಾಗಿ ಗೊತ್ತಾಗುವುದಿಲ್ಲ. ಆದ್ದರಿಂದ ಮನಸ್ಸಿನಲ್ಲಿ ಸ್ವಲ್ಪ ಅನುಮಾನವಿದ್ದರೂ ಕೆಲವು ವರ್ಷ ಕಾಯುವುದು ಜಾಣತನ. ಅಲ್ಲಿಯವರೆಗೆ 5 ಅಥವಾ 10 ವರ್ಷ ಬಾಳುವ ವಂಕಿ, ಮೂರು ತಿಂಗಳಿಗೊಮ್ಮೆಯ 'ಅಂತರಾ' ಚುಚ್ಚುಮದ್ದು, 'ಛಾಯಾ' ಮಾತ್ರೆ ಇವೆ. ವಂಕಿ ಮತ್ತು ಆಪರೇಷನ್ ನಡುವೆ ಪರಿಣಾಮದಲ್ಲಿ ಹೆಚ್ಚು ಅಂತರವಿಲ್ಲ. ವಂಕಿಯನ್ನು ಬೇಕೆಂದಾಗ ತೆಗೆಸಬಹುದು ಎಂಬುದು ಅದರ ಹೆಚ್ಚುಗಾರಿಕೆ.

ಗಂಡಸರೇಕೆ ದೂರ?

ಮೈಸೂರು ಸಂಸ್ಥಾನ 1930ರಲ್ಲಿಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಆಜ್ಞೆ ಹೊರಡಿಸಿ ಹೆಸರಾಗಿತ್ತು. ಈ ನಾಲ್ಕು ತಾಲ್ಲೂಕುಗಳೂ ಆಗ ಮೈಸೂರು ಜಿಲ್ಲೆಯಲ್ಲಿದ್ದವು. ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ. ಅಂಥ ನಾಡಿನಲ್ಲಿ ಇಂದು ಈ ಭಾರವೆಲ್ಲ ಹೆಂಗಸಿನ ಮೇಲೆ ಬಿದ್ದಿದೆ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976–77ರ ಒಂದೇ ವರ್ಷದಲ್ಲಿ, ದೇಶದಲ್ಲಿ ಸುಮಾರು 60 ಲಕ್ಷ ಗಂಡಸರಿಗೆ ವ್ಯಾಸೆಕ್ಟಮಿ ಆಯಿತು. ಒತ್ತಾಯದ ಆ ಕಹಿಯಿಂದ ಗಂಡಸರು ಹಿಂದೆ ಸರಿದವರು ಮತ್ತೆ ಮುಂದೆ ಬರಲಿಲ್ಲ.

ಗಂಡಸರ ಆಪರೇಷನ್ ಹೊಟ್ಟೆಯನ್ನು ಮುಟ್ಟುವುದಿಲ್ಲ. ಚಾಕು, ಹೊಲಿಗೆ ಇಲ್ಲದೆ ಸಣ್ಣ ರಂಧ್ರದಲ್ಲಿ ಮುಗಿಯುತ್ತದೆ, ಅದೇ ದಿನ ಮನೆಗೆ ಬರಬಹುದು. ಅಪಾಯವೂ ಕಡಿಮೆ, ಸೋಲುವ ಸಂಭವವೂ ಕಡಿಮೆ. ಪುರುಷತ್ವಕ್ಕೂ ದುಡಿಮೆಯ ಶಕ್ತಿಗೂ ಕುಂದಿಲ್ಲ. 3 ತಿಂಗಳು ಬೇರೆ ವಿಧಾನ ಬಳಸಿ, ವೀರ್ಯ ಪರೀಕ್ಷೆ ಮಾಡಿಸಿದರೆ ಸಾಕು. ಎರಡು ಹೆರಿಗೆಯ ನೋವನ್ನು ಹೆಂಡತಿ ಉಂಡಾಗಿದೆ. ಈ ಒಂದನ್ನು ಗಂಡ ವಹಿಸಿಕೊಂಡರೆ ತಪ್ಪೇನು?

ಕಾಗದ ಜೋಪಾನ

ಆಪರೇಷನ್ ಆಗಿ ಒಂದು ತಿಂಗಳಿಗೆ ಅಥವಾ ಮುಂದಿನ ಮುಟ್ಟಾದ ಮೇಲೆ ಆಸ್ಪತ್ರೆಯಿಂದ ಪ್ರಮಾಣಪತ್ರ ಕೇಳಿ ಪಡೆಯಿರಿ. ಬಿಡುಗಡೆ ಚೀಟಿಯನ್ನೂ ತಾಯಿ ಕಾರ್ಡನ್ನೂ ಅದರ ಜೊತೆ ಇಡಿ. ಆಪರೇಷನ್ ಸೋತು ಬಸಿರಾದರೆ 60 ಸಾವಿರ ರೂಪಾಯಿ, ತೊಂದರೆಯಾಗಿ ಚಿಕಿತ್ಸೆ ಬೇಕಾದರೆ 50 ಸಾವಿರದವರೆಗೆ, 7 ದಿನಗಳೊಳಗೆ ಸಾವು ಸಂಭವಿಸಿದರೆ ಕುಟುಂಬಕ್ಕೆ 4 ಲಕ್ಷ ಪರಿಹಾರ ಕೊಡುವ ಸರ್ಕಾರಿ ಯೋಜನೆ ಇದೆ. ಗೊತ್ತಾದ 90 ದಿನಗಳೊಳಗೆ ಅರ್ಜಿ ಹಾಕಬೇಕು. ಪ್ರಮಾಣಪತ್ರವಿಲ್ಲದೆ ಓಡಾಡಿದರೆ ಕೆಲಸವಾಗುವುದು ಕಷ್ಟ.

ಆಸ್ಪತ್ರೆಗೆ ಹೊರಡುವ ಮುನ್ನ ಗಂಡಹೆಂಡತಿ ಕುಳಿತು ಈ ಪ್ರಶ್ನೆಗಳನ್ನು ಕೇಳಿಕೊಳ್ಳಿ. ಇನ್ನು ಮಕ್ಕಳು ಬೇಡವೆಂಬುದು ನಮ್ಮಿಬ್ಬರ ಖಚಿತ ತೀರ್ಮಾನವೇ? ಮಾಡಿಸಿಕೊಳ್ಳುವವರು ಅವಳೇ ಆಗಬೇಕೇ, ಅವನು ಆಗಬಹುದೇ? ಯಾವ ಬಗೆಯ ಆಪರೇಷನ್, ಎಲ್ಲಿ, ಯಾರಿಂದ? ತೊಂದರೆಯಾದರೆ ರಾತ್ರಿ ಹೊತ್ತಿನಲ್ಲಿ ಎಲ್ಲಿಗೆ ಹೋಗಬೇಕು? ಉತ್ತರ ಸಿಗದ ಪ್ರಶ್ನೆಗಳನ್ನು ವೈದ್ಯರ ಮುಂದಿಡಿ, ಸಂಕೋಚ ಬೇಡ. ಎಲ್ಲಕ್ಕೂ ಉತ್ತರ ಸಿಕ್ಕ ಮೇಲೆ ಮನಸ್ಸು ಒಪ್ಪಿದರೆ ಧೈರ್ಯವಾಗಿ ಮಾಡಿಸಿಕೊಳ್ಳಿ.